ಮರದ ಜೆಸಿಬಿ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಟಿವಿ ಪಕ್ಕ, ಒಂದು ಮರದ ಜೆಸಿಬಿ ಉಂಟು. ಉದ್ದ ಒಂದೂಕಾಲು ಅಡಿ. ಎದುರಿನ ಬಕೆಟ್ ಏಳುತ್ತದೆ, ಹಿಂದಿನ ಕೈ ಮಡಚುತ್ತದೆ, ಸೀಟು ಸಹ ತಿರುಗುತ್ತದೆ. ಮನೆಗೆ ಬಂದವರು ಕಾಫಿ ಆರುವವರೆಗೆ ಅದನ್ನೇ ಆಡಿಸುತ್ತಾರೆ. ಆಮೇಲೆ ಪ್ರಶ್ನೆ ಶುರು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಆಚಾರಿ ಅಲ್ಲ, ಎಂಜಿನಿಯರ್ ಕೂಡ ಅಲ್ಲ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಮರ ಕೆತ್ತುವವನು, ಅಷ್ಟೆ.

ಜೆಸಿಬಿ ಅಂದರೆ ಯಾವುದು? ಹಿಟಾಚಿ ಬೇರೆಯಾ?

ನಮ್ಮೂರಲ್ಲಿ ಎದುರು ದೊಡ್ಡ ಬಕೆಟ್, ಹಿಂದೆ ಅಗೆಯುವ ಕೈ, ಅಡಿಗೆ ನಾಲ್ಕು ಟೈರ್ ಇದ್ದರೆ ಅದು ಜೆಸಿಬಿ. ಯಾವ ಕಂಪನಿಯದ್ದಾದರೂ ಜೆಸಿಬಿಯೇ. ಚೈನಿನ ಮೇಲೆ ಓಡುತ್ತಾ ಪೂರ್ತಿ ಸುತ್ತು ತಿರುಗುವುದು ಹಿಟಾಚಿ. ಪುಸ್ತಕದ ಭಾಷೆಯಲ್ಲಿ ಮೊದಲನೆಯದು ಬ್ಯಾಕ್‌ಹೋ ಲೋಡರ್, ಎರಡನೆಯದು ಎಕ್ಸ್‌ಕವೇಟರ್. ಜೆಸಿಬಿ ಎನ್ನುವುದು ಒಬ್ಬ ಮನುಷ್ಯನ ಹೆಸರಿನ ಮೊದಲಕ್ಷರಗಳು: ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್. 1945ರಲ್ಲಿ ಇಂಗ್ಲೆಂಡಿನ ಒಂದು ಬಾಡಿಗೆ ಗ್ಯಾರೇಜಿನಲ್ಲಿ ಟ್ರೇಲರ್ ಮಾಡುತ್ತಾ ಶುರು ಮಾಡಿದವರು. ಹಿಂದೆ ಮುಂದೆ ಎರಡೂ ಕಡೆ ಕೆಲಸ ಮಾಡುವ ಯಂತ್ರ ಅವರ ಕಾರ್ಖಾನೆಯಿಂದ ಬಂದದ್ದು 1953ರಲ್ಲಿ. ಭಾರತದಲ್ಲಿ 1979ರಿಂದ ಹರಿಯಾಣದ ಬಲ್ಲಭ್‌ಗಢದಲ್ಲಿ ತಯಾರಾಗುತ್ತಿದೆ. ಹಿಟಾಚಿ ಹೆಸರಿನ ಯಂತ್ರಕ್ಕೆ ನಮ್ಮ ಧಾರವಾಡದಲ್ಲೇ ಕಾರ್ಖಾನೆ ಉಂಟು.

ಮೊದಲ ಸಲ ಮಾಡುವವರಿಗೆ ಯಾವುದು ಸುಲಭ?

ರೋಡ್ ರೋಲರ್. ಮೂರು ಉರುಳೆ, ಒಂದು ಡಬ್ಬಿ, ಮೇಲೆ ಒಂದು ಮಾಡು (ಚಾವಣಿ). ಆಮೇಲೆ ಟಿಪ್ಪರ್. ಜೆಸಿಬಿ ಮೂರನೆಯದಾಗಿರಲಿ. ಹಿಟಾಚಿ ನೋಡಲು ಸರಳ, ಆದರೆ ಚೈನಿನ ಒಂದೊಂದು ಕೊಂಡಿಯನ್ನೂ ಒಂದೇ ಅಳತೆಗೆ ಕತ್ತರಿಸಿ ತೂತು ಕೊರೆಯಬೇಕು. ಎಪ್ಪತ್ತನೇ ಕೊಂಡಿ ಹೊತ್ತಿಗೆ ವೈರಾಗ್ಯ ಬರುತ್ತದೆ.

ಅಳತೆ ಎಲ್ಲಿ ಸಿಗುತ್ತದೆ?

ಕಂಪನಿಗಳ ಕರಪತ್ರದಲ್ಲಿ ಪಕ್ಕದ ನೋಟದ ಚಿತ್ರ ಇರುತ್ತದೆ, ಅದರ ಮೇಲೆ ಉದ್ದ, ಎತ್ತರ, ಚಕ್ರದ ಅಂತರ ಬರೆದಿರುತ್ತಾರೆ. ಅಲ್ಲಿಂದ ಶುರು ಮಾಡಿ. ಆದರೆ ಪಿನ್ನುಗಳು ಎಲ್ಲಿವೆ, ತಗಡು ಎಷ್ಟು ದಪ್ಪ ಎನ್ನುವುದು ಅದರಲ್ಲಿ ಇರುವುದಿಲ್ಲ. ಅದಕ್ಕೆ ನಿಜವಾದ ಯಂತ್ರವನ್ನೇ ನೋಡಬೇಕು.

ಹೆದ್ದಾರಿ 66ರ ಬದಿಯಲ್ಲಿ ಬದುಕುವ ನಮಗೆ ಅದಕ್ಕೇನು ಬರವಿಲ್ಲ. ಆಪರೇಟರ್ ಊಟಕ್ಕೆ ಇಳಿದಾಗ ಹೋಗಿ ಕೇಳಿ. ಮರದಲ್ಲಿ ಮಾಡುತ್ತೇನೆ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ನನಗೆ ಸಿಕ್ಕಿದವರು ಊಟ ಅರ್ಧಕ್ಕೆ ಬಿಟ್ಟು ಬಂದು, ಯಾವ ಪಿನ್ ಬೇಗ ಸವೆಯುತ್ತದೆ ಎಂದೆಲ್ಲ ತೋರಿಸಿದರು. ಯಂತ್ರ ಚಾಲೂ ಇರುವಾಗ ಮಾತ್ರ ಹತ್ತಿರ ಹೋಗಬೇಡಿ.

ಫೋಟೋ ತೆಗೆಯುವಾಗ ತುಂಬ ದೂರ ನಿಂತು ಝೂಮ್ ಮಾಡಿ. ಫೋನನ್ನು ಚಕ್ರದ ನಡುಮಟ್ಟಕ್ಕೆ ಹಿಡಿಯಿರಿ. ಹತ್ತಿರದಿಂದ ತೆಗೆದರೆ ಎದುರಿನ ಟೈರ್ ಉಬ್ಬಿ, ಹಿಂದಿನ ಕೈ ಕುಗ್ಗಿ ಕಾಣುತ್ತದೆ. ಅಳತೆಗೋಲಾಗಿ ಟೈರೇ ಸಾಕು. ಟೈರಿನ ಪಕ್ಕದಲ್ಲಿ 16.9-28 ಅಂತ ಇದ್ದರೆ ರಿಮ್ಮಿನ ವ್ಯಾಸ 28 ಇಂಚು. ಫೋಟೋದಲ್ಲಿ ರಿಮ್ ಅಳೆದು, ಉಳಿದದ್ದನ್ನೆಲ್ಲ ಅದಕ್ಕೆ ತಾಳೆ ಹಾಕಿ.

ಯಾವ ಸ್ಕೇಲ್ ಒಳ್ಳೆಯದು?

ನಾನು 1:16 ಹಿಡಿದೆ. ನಿಜದ ಒಂದು ಅಡಿ ಇಲ್ಲಿ ಮುಕ್ಕಾಲು ಇಂಚು ಆಗುತ್ತದೆ. ಲೆಕ್ಕ ಬಾಯಲ್ಲೇ ಆಗುತ್ತದೆ. ಸುಮಾರು 6 ಮೀಟರ್ ಉದ್ದದ ಯಂತ್ರ 375 ಮಿ.ಮೀ.ಗೆ ಬರುತ್ತದೆ. ಹಿಂದಿನ ಟೈರ್ ಸುಮಾರು 88 ಮಿ.ಮೀ. ಇದಕ್ಕಿಂತ ಸಣ್ಣದು ಮಾಡಿದರೆ ಪಿನ್ನಿನ ಸುತ್ತ ಮರವೇ ಉಳಿಯುವುದಿಲ್ಲ, ಸೀಳುತ್ತದೆ. 1:10 ಮಾಡಿದರೆ ಇಡಲು ಜಾಗ ಬೇಕು, ಮನೆಯವರ ಒಪ್ಪಿಗೆಯೂ ಬೇಕು.

ಚಿತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಎ3 ಕಾಗದದಲ್ಲಿ ಪ್ರಿಂಟ್ ಹಾಕಿಸುವಾಗ 'ಪುಟಕ್ಕೆ ಹೊಂದಿಸು' ಎನ್ನುವುದನ್ನು ತೆಗೆಸಿ. ಚಿತ್ರದ ಮೂಲೆಯಲ್ಲಿ 100 ಮಿ.ಮೀ.ನ ಒಂದು ಗೆರೆ ಎಳೆದಿಟ್ಟು, ಪ್ರಿಂಟ್ ಕೈಗೆ ಬಂದ ಕೂಡಲೇ ಅಳೆದು ನೋಡಿ. ನಾನು ಅಳೆಯದೆ ಮನೆಗೆ ತಂದು ಒಂದು ವಾರ ತಪ್ಪು ಅಳತೆಗೆ ಕೆತ್ತಿದ್ದೇನೆ.

ಯಾವ ಮರ?

ಇದು ಎಲ್ಲರೂ ಕೇಳುವ ಪ್ರಶ್ನೆ, ನನಗೂ ಇಷ್ಟದ ಪ್ರಶ್ನೆ.

ಯಂತ್ರದ ಮೈಗೆ ಹಲಸು. ಹಲಸಿನ ಚೇಗು (ಒಳಗಿನ ಗಟ್ಟಿ ಮರ) ಹೊಸದಾಗಿ ಕೀಸಿದಾಗ ಹಳದಿ. ಬಣ್ಣವೇ ಬೇಡ, ಜೆಸಿಬಿ ಅಂದರೆ ಇದೇ ಅನ್ನಿಸುತ್ತದೆ. ಕೆತ್ತಲು ಹದವಾದ ಮರ. ನಮ್ಮಲ್ಲಿ ದೈವದ ಮೂರ್ತಿಗಳನ್ನು ಸುಮ್ನೆ ಹಲಸಿನಲ್ಲಿ ಮಾಡುವುದಲ್ಲ. ಗೆದ್ದಲು ಬೇಗ ಮುಟ್ಟುವುದಿಲ್ಲ, ಉಳಿಗೂ ಒಗ್ಗುತ್ತದೆ. ಎಳೆ ಮಾತ್ರ ಒಮ್ಮೊಮ್ಮೆ ಅಡ್ಡಡ್ಡ ಹೋಗುತ್ತದೆ. ಕೀಸುಳಿ ಒಂದು ದಿಕ್ಕಿಗೆ ನುಣ್ಣಗೆ ಹೋಗಿ, ಎರಡಿಂಚು ಮುಂದೆ ಕಿತ್ತು ಬರುತ್ತದೆ. ಅಲ್ಲಿ ಕೀಸುಳಿ ಬಿಟ್ಟು ಅರ, ಸ್ಯಾಂಡ್ ಪೇಪರ್ ಹಿಡಿಯಿರಿ.

ಟೈರಿಗೆ ಬೀಟೆ. ಕಪ್ಪುಗೆಂಪು ಬಣ್ಣ, ಎಣ್ಣೆ ಹಾಕಿದರೆ ರಬ್ಬರಿನ ಹಾಗೇ ಕಾಣುತ್ತದೆ. ಹೊಸ ಬೀಟೆ ಮರಕ್ಕೆ ಅರಣ್ಯ ಇಲಾಖೆಯ ಕಾನೂನು ಬಿಗಿ, ಅದರ ಗೊಡವೆ ಬೇಡ. ಹಳೇ ಮಂಚದ ಕಾಲು, ಮುರಿದ ಕುರ್ಚಿಯ ಕೈ ಸಾಕು. ಬೀಟೆ ಸಿಗದಿದ್ದರೆ ಬೈನೆ ಮರದ ಹೊರಭಾಗ ನೋಡಿ. ಕಪ್ಪು, ಕಲ್ಲಿನಂಥ ಗಟ್ಟಿ. ಗರಗಸದ ಹಲ್ಲು ಹೋಗುತ್ತದೆ, ಅದಕ್ಕೆ ನಾನು ಜವಾಬ್ದಾರಿ ಅಲ್ಲ.

ಚಾಸಿ, ತೋಳುಗಳ ಒಳಪಟ್ಟಿಗೆ ಸಾಗುವಾನಿ. ಮಳೆಗಾಲದಲ್ಲಿ ಕಡಿಮೆ ಉಬ್ಬುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಅಗ್ಗಕ್ಕೆ ಸಿಗುತ್ತದೆ, ಅಭ್ಯಾಸಕ್ಕೆ ಚೆಂದ. ಆದರೆ ತೀರಾ ಮೆತ್ತಗೆ, ಪಿನ್ನಿನ ತೂತು ಬೇಗ ಅಗಲವಾಗುತ್ತದೆ.

ಮರ ಎಲ್ಲಿಂದ ತಂದಿರಿ?

ಅಜ್ಜಿಯ ಹಂಚಿನ ಮನೆ ಕೆಡವಿದಾಗ ಸಿಕ್ಕಿದ್ದು. ದಾರಂದ (ಬಾಗಿಲ ಚೌಕಟ್ಟು) ಹಲಸಿನದ್ದು, ಮಾಡಿನ ಒಂದೆರಡು ಪಕ್ಕಾಸು ಸಾಗುವಾನಿಯದ್ದು. ಆ ಮನೆ ಕೆಡವಿದ್ದೂ ಜೆಸಿಬಿಯೇ. ಅರ್ಧ ದಿನದ ಬಾಡಿಗೆ ಸಹ ಆಗಲಿಲ್ಲ.

ನಿಮ್ಮ ಕುಟುಂಬದಲ್ಲಿ ಕೆಡವುವ ಮನೆ ಇಲ್ಲದಿದ್ದರೆ ಹಳೆ ಮನೆ ಸಾಮಾನು ಮಾರುವವರ ಹತ್ತಿರ ಹೋಗಿ. ಮಂಗಳೂರು, ಉಡುಪಿ ಎರಡೂ ಕಡೆ ಹಳೆ ಬಾಗಿಲು, ಕಿಟಕಿ, ರೀಪು ರಾಶಿ ಹಾಕಿರುತ್ತಾರೆ. ಹಳೆ ಮರದ ಲಾಭ ಏನೆಂದರೆ ಅದು ಐವತ್ತು ಮಳೆಗಾಲ ಕಂಡಿರುತ್ತದೆ, ಇನ್ನು ಜಾಸ್ತಿ ಸೊಟ್ಟಗಾಗುವುದಿಲ್ಲ. ಗರಗಸ ಹಾಕುವ ಮುಂಚೆ ಮೊಳೆ ಹುಡುಕಿ. ಒಂದು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಮರದ ಮೇಲೆ ಆಡಿಸಿದರೆ ಸಾಕು, ಮೊಳೆ ಇದ್ದಲ್ಲಿ ಎಳೆಯುತ್ತದೆ.

ಯಾವ ಹತ್ಯಾರು ಬೇಕು?

ಫ್ರೆಟ್ ಸಾ (ತೆಳು ಅಲಗಿನ ಗರಗಸ), ಸಣ್ಣ ಡ್ರಿಲ್, ಎರಡು ಉಳಿ, ಅರ, ವರ್ನಿಯರ್ ಕ್ಯಾಲಿಪರ್, ನಾಲ್ಕೈದು ಕ್ಲಾಂಪ್. ಡ್ರಿಲ್ಲಿಗೆ ಸ್ಟ್ಯಾಂಡ್ ಇದ್ದರೆ ಬಹಳ ಒಳ್ಳೆಯದು. ತೂತು ಒಂದು ಡಿಗ್ರಿ ವಾಲಿದರೂ ಕೈ ಓರೆಯಾಗಿ ಏಳುತ್ತದೆ. ಉಳಿದದ್ದನ್ನು ಬೇಕಾದಾಗ ತಂದರಾಯಿತು.

ಎಲ್ಲಿಂದ ಶುರು ಮಾಡಬೇಕು?

ರಟ್ಟಿನಿಂದ. ನಾನು ಎಲ್ಲರಿಗೂ ಹೇಳುವುದು ಇದೊಂದೇ, ಯಾರೂ ಕೇಳುವುದಿಲ್ಲ. ಎಲ್ಲರಿಗೂ ಮೊದಲು ಕ್ಯಾಬಿನ್ ಮಾಡುವ ಆಸೆ, ಚೆಂದ ಕಾಣುತ್ತದಲ್ವಾ! ಆದರೆ ಜೆಸಿಬಿಯ ಜೀವ ಇರುವುದು ಕೀಲುಗಳಲ್ಲಿ. ಕೈ ಸರಿಯಾಗಿ ಮಡಚದಿದ್ದರೆ ಎಷ್ಟು ಪಾಲಿಶ್ ಹಾಕಿದರೂ ಅದು ಬರೀ ಬೊಂಬೆ.

ಹಿಂದಿನ ಕೈಯಲ್ಲಿ ಮೂರು ತುಂಡು: ಯಂತ್ರಕ್ಕೆ ಸೇರಿದ ಬೂಮ್, ಅದರ ತುದಿಗೆ ಡಿಪ್ಪರ್, ಕೊನೆಗೆ ಬಕೆಟ್. ಮೂರನ್ನೂ ದಪ್ಪ ರಟ್ಟಿನಲ್ಲಿ ಕತ್ತರಿಸಿ, ಗುಂಡುಪಿನ್ನಿನಲ್ಲಿ ಒಂದು ಹಲಗೆಗೆ ಚುಚ್ಚಿ. ಪೂರ್ತಿ ಮಡಚಿ ನೋಡಿ, ಪೂರ್ತಿ ಚಾಚಿ ನೋಡಿ. ಎರಡೂ ಸಲ ರ‍್ಯಾಮ್ (ಕೈಯನ್ನು ತಳ್ಳುವ, ಎಳೆಯುವ ಹೈಡ್ರಾಲಿಕ್ ಸಿಲಿಂಡರ್) ಕೂರುವ ಎರಡು ಪಿನ್ನುಗಳ ನಡುವಿನ ಅಂತರ ಅಳೆದು ಬರೆದಿಡಿ.

ಈಗ ಲೆಕ್ಕ. ರ‍್ಯಾಮ್ ಅಂದರೆ ಒಂದು ಕೊಳವೆ, ಅದರೊಳಗೆ ಜಾರುವ ಒಂದು ಸರಳು. ಮುಚ್ಚಿದಾಗ ಪಿನ್ನಿಂದ ಪಿನ್ನಿಗೆ 80 ಮಿ.ಮೀ. ಅಂತಿಟ್ಟುಕೊಳ್ಳಿ. ಎರಡು ತುದಿಯ ಕಿವಿ, ಮುಚ್ಚಳ, ಸರಳು ಹೊರಬೀಳದಂತೆ ಒಳಗೆ ಉಳಿಯಬೇಕಾದ ಭಾಗ ಎಲ್ಲ ಸೇರಿ 25 ಮಿ.ಮೀ. ಹೋಗುತ್ತದೆ. ಉಳಿದ 55 ಮಾತ್ರ ಚಾಚಲು ಸಿಗುವುದು. ಅಂದರೆ ತೆರೆದಾಗ 135ರ ಮೇಲೆ ಹೋಗದು. ನಿಮ್ಮ ರಟ್ಟು 150 ಕೇಳುತ್ತಿದ್ದರೆ ಪಿನ್ನಿನ ಜಾಗ ಸರಿಸಬೇಕು. ರಟ್ಟಿನಲ್ಲಿ ಸರಿಸಲು ಒಂದು ನಿಮಿಷ. ಹಲಸಿನಲ್ಲಿ ಸರಿಸಲು ಹೊಸ ಹಲಸು ಬೇಕು.

ಬಕೆಟ್ ಹತ್ತಿರ ರ‍್ಯಾಮ್ ನೇರವಾಗಿ ಬಕೆಟಿಗೆ ಸಿಕ್ಕಿಸಿರುವುದಿಲ್ಲ. ನಡುವೆ ಎರಡು ಸಣ್ಣ ಕೊಂಡಿ ಇರುತ್ತವೆ. ಬಕೆಟ್ ಅಷ್ಟು ದೂರ ಮಗುಚುವುದು ಅವುಗಳಿಂದಲೇ. ಅವನ್ನು ಬಿಟ್ಟು ಮಾಡಿದ ಮಾಡೆಲ್‌ಗಳು ಬೇಕಾದಷ್ಟಿವೆ. ಬಕೆಟ್ ಅರ್ಧ ತಿರುಗಿ ನಿಲ್ಲುತ್ತದೆ.

ಬೂಮ್ ಯಾಕೆ ಮುರಿಯುತ್ತದೆ?

ಎಳೆಯ ದಿಕ್ಕು ನೋಡದ್ದಕ್ಕೆ. ಬೂಮ್ ನೆಟ್ಟಗಿಲ್ಲ, ಬಾಳೆಕಾಯಿಯ ಹಾಗೆ ಸ್ವಲ್ಪ ಬಗ್ಗಿದೆ. ಒಂದೇ ಹಲಗೆಯಿಂದ ಕತ್ತರಿಸಿದರೆ ಬಾಗಿದ ಜಾಗದಲ್ಲಿ ಎಳೆ ಅಡ್ಡ ಬರುತ್ತದೆ. ಅಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ನನ್ನ ಮೊದಲ ಬೂಮ್ ನೆಂಟರ ಮಗುವಿನ ಕೈಯಲ್ಲಿ ಹೋಯಿತು. ಮಗುವಿನ ತಪ್ಪಲ್ಲ, ನನ್ನದೇ.

ಪರಿಹಾರ ಸುಲಭ. 2 ಮಿ.ಮೀ. ದಪ್ಪದ ಮೂರು ಪಟ್ಟಿ ಮಾಡಿ. ನಡುವಿನದ್ದರ ಎಳೆ ಬೇರೆ ದಿಕ್ಕಿಗಿರಲಿ. ಅಂಟಿಸಿ, ಒಂದು ರಾತ್ರಿ ಕ್ಲಾಂಪ್ ಹಾಕಿ, ಆಮೇಲೆ ಆಕಾರಕ್ಕೆ ಕತ್ತರಿಸಿ. ಎದುರಿನ ಬಕೆಟಿನ ಎರಡು ತೋಳಿಗೂ ಇದೇ ಮದ್ದು. ಜೋಡಿ ತುಂಡುಗಳನ್ನು ಎರಡು ಬದಿಯ ಟೇಪಿನಲ್ಲಿ ಒಂದಕ್ಕೊಂದು ಅಂಟಿಸಿ ಒಟ್ಟಿಗೇ ಕತ್ತರಿಸಿ, ಒಟ್ಟಿಗೇ ತೂತು ಕೊರೆಯಿರಿ. ಆಗ ಎರಡೂ ತೋಳು ಸಮಕ್ಕೆ ಏಳುತ್ತವೆ.

ರ‍್ಯಾಮಿಗೆ ಏನು ಬಳಸಬೇಕು?

ಹಿತ್ತಾಳೆಯ ಕೊಳವೆ, ಅದರೊಳಗೆ ಸರಿಯಾಗಿ ಕೂರುವ ಸ್ಟೀಲ್ ಸರಳು. ಸೈಕಲ್ಲಿನ ಕಡ್ಡಿ, ಹಳೇ ಕೊಡೆಯ ಕಡ್ಡಿ ಎಲ್ಲ ಆಗುತ್ತವೆ. ನಮ್ಮೂರಲ್ಲಿ ಮುರಿದ ಕೊಡೆಗೆ ಬರ ಇಲ್ಲ. ಪೂರ್ತಿ ಮರದಲ್ಲೇ ಬೇಕು ಅನ್ನುವ ಹಟ ಇದ್ದರೆ ಕಡೆದ ಬಿದಿರಿನ ಕಡ್ಡಿ ಸಾಕು, ಮಳೆಗಾಲದಲ್ಲಿ ಸ್ವಲ್ಪ ಬಿಗಿಯಾಗುತ್ತದೆ.

ಸಿರಿಂಜಿನಿಂದ ನಿಜವಾಗಿ ಎತ್ತುವ ಹಾಗೆ ಮಾಡಬಹುದಾ?

ಮಾಡಬಹುದು. ಎರಡು ಸಿರಿಂಜ್, ನಡುವೆ ಪೈಪ್, ಒಳಗೆ ನೀರು. ನೀವು ಒತ್ತುವುದು 10 ಮಿಲಿಯದ್ದಾಗಿ, ಬೂಮ್ ಎತ್ತುವುದು 5 ಮಿಲಿಯದ್ದಾದರೆ ಕೈ ಬೇಗ, ಜಾಸ್ತಿ ದೂರ ಏಳುತ್ತದೆ, ಬಲ ಕಡಿಮೆ. ಅದಲುಬದಲು ಮಾಡಿದರೆ ನಿಧಾನ, ಬಲ ಜಾಸ್ತಿ. ಗಾಳಿಗುಳ್ಳೆ ಉಳಿದರೆ ಕೈ ತೂಗಾಡುತ್ತದೆ, ಪೈಪನ್ನು ನೀರಿನೊಳಗೆ ಮುಳುಗಿಸಿಯೇ ಜೋಡಿಸಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇದು ಭರ್ಜರಿ. ಆದರೆ ಅಳತೆಗೆ ಸರಿಯಾದ ಮಾಡೆಲಿನಲ್ಲಿ ಆ ದಪ್ಪ ಸಿರಿಂಜ್ ಇಡಲು ಜಾಗವೇ ಇಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಕೈ ಎತ್ತಿಟ್ಟರೆ ಬೀಳುತ್ತದೆ, ಏನು ಮಾಡಲಿ?

ಕೀಲಿನಲ್ಲಿ ಸ್ವಲ್ಪ ತಿಕ್ಕಾಟ ಬೇಕು. ಹಳೇ ಬೆಲ್ಟಿನ ಚರ್ಮದಿಂದ ವಾಷರ್ ಕತ್ತರಿಸಿ ಎರಡು ಮರಗಳ ನಡುವೆ ಹಾಕಿ. ಹೊರಗಿನಿಂದ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವುದು) ಬಿಗಿಯಿರಿ. ಸಾದಾ ನಟ್ ಹಾಕಿದರೆ ನಾಲ್ಕು ಸಲ ಆಡಿಸುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ.

ಟೈರಿನ ಹಲ್ಲುಗಳನ್ನು ಹೇಗೆ ಮಾಡುವುದು? ಯಾವ ದಿಕ್ಕಿಗೆ?

ಲೇತ್ ಇರುವವರ ಹತ್ತಿರ ನಾಲ್ಕು ಬಿಲ್ಲೆ ಕಡೆಸಿಕೊಳ್ಳಿ. ಇಲ್ಲವಾದರೆ ಡ್ರಿಲ್ಲಿಗೆ ಸಿಕ್ಕಿಸುವ ಉರುಟು ಗರಗಸ, ಹೋಲ್ ಸಾ, ಹಾಕಿ ತೆಳು ಬಿಲ್ಲೆಗಳನ್ನು ಕತ್ತರಿಸಿ, ಎಳೆ ಅಡ್ಡ ಉದ್ದ ಮಾಡಿ ಅಂಟಿಸಿ. ಆಗ ಚಕ್ರ ಮಳೆಗಾಲದಲ್ಲೂ ಉರುಟಾಗಿಯೇ ಉಳಿಯುತ್ತದೆ. ಒಂದೇ ತುಂಡಾದರೆ ಎಳೆಯ ಅಡ್ಡಕ್ಕೆ ಉಬ್ಬಿ ಮೊಟ್ಟೆಯಾಗುತ್ತದೆ.

ಹಲ್ಲುಗಳು ಬೇರೆ ತುಂಡುಗಳು. ಒಂದು ಉದ್ದ ಪಟ್ಟಿ ಕೀಸಿ, ಓರೆಯಾಗಿ ಕತ್ತರಿಸುತ್ತಾ ಹೋಗಿ. ನನ್ನ ಎರಡು ಹಿಂದಿನ ಟೈರಿಗೆ 84 ತುಂಡು ಬೇಕಾಯಿತು. ಟೈರಿನ ಸುತ್ತ ಕಾಗದದ ಪಟ್ಟಿ ಸುತ್ತಿ, ಬಿಚ್ಚಿ, ಸಮಭಾಗ ಮಾಡಿ ಗುರುತು ಹಾಕಿದರೆ ಕೊನೆಯ ಹಲ್ಲಿಗೆ ಜಾಗ ಇಲ್ಲ ಎನ್ನುವ ಫಜೀತಿ ಇರುವುದಿಲ್ಲ.

ದಿಕ್ಕು: ಮೇಲಿನಿಂದ ನೋಡಿದರೆ ಹಿಂದಿನ ಟೈರಿನ ಓರೆ ಹಲ್ಲುಗಳಿಂದ ಆಗುವ ಬಾಣದ ತುದಿ ಮುಂದಕ್ಕೆ ಇರಬೇಕು. ಕೆಸರಿನಲ್ಲಿ ಬೀಳುವ ಗುರುತು ಅದಕ್ಕೆ ಉಲ್ಟಾ. ಅಂಗಡಿಯ ಆಟಿಕೆಗಳಲ್ಲಿ ಇದು ಒಮ್ಮೊಮ್ಮೆ ತಿರುಗಾಮುರುಗಾ ಇರುತ್ತದೆ. ಎಡಗಡೆ, ಬಲಗಡೆ ಟೈರ್ ಒಂದೇ ಅಲ್ಲ, ಕನ್ನಡಿಯ ಬಿಂಬ. ಮರೆತರೆ 42 ತುಂಡು ಕೀಳಬೇಕು.

ಬಕೆಟಿನ ಉರುಟು ಬೆನ್ನು?

ಪೀಪಾಯಿ ಕಟ್ಟುವ ಹಾಗೆ ಸಣ್ಣ ಪಟ್ಟಿಗಳನ್ನು ಪಕ್ಕಪಕ್ಕ ಅಂಟಿಸಿ, ಆಮೇಲೆ ಕೀಸಿ ನುಣ್ಣಗೆ ಮಾಡಿ. ಅಥವಾ ವಿನೀರ್ (ಕಾಗದದಂಥ ತೆಳು ಮರ) ಹಾಳೆ ಮೂರು ಪದರ ತೆಗೆದು, ಪಿವಿಸಿ ಪೈಪಿನ ಮೇಲೆ ಬಗ್ಗಿಸಿ ಅಂಟಿಸಿ. ಹಲ್ಲು ಎಷ್ಟು ಎಂದು ನಿಮ್ಮ ಫೋಟೋದಲ್ಲೇ ಎಣಿಸಿ.

ಕ್ಯಾಬಿನ್ ಒಳಗೆ ಏನೆಲ್ಲ ಬೇಕು?

ಸ್ಟೇರಿಂಗ್, ಲಿವರ್‌ಗಳು, ಸೀಟು. ಸೀಟು ತಿರುಗಲೇಬೇಕು. ಆಪರೇಟರ್ ಎದುರಿನ ಬಕೆಟಿಗೆ ಎದುರು ಕೂರುತ್ತಾನೆ, ಅಗೆಯುವಾಗ ಸೀಟು ತಿರುಗಿಸಿ ಹಿಂದೆ ನೋಡುತ್ತಾನೆ. ಮಕ್ಕಳು ಮೊದಲು ಪರೀಕ್ಷೆ ಮಾಡುವುದು ಇದನ್ನೇ. ಗಾಜು ಹಾಕಲಿಲ್ಲ, ಖಾಲಿ ಬಿಟ್ಟರೆ ಒಳಗಿನ ಕೆಲಸ ಕಾಣುತ್ತದೆ.

ಹೈಡ್ರಾಲಿಕ್ ಪೈಪಿಗೆ ಕಪ್ಪು ಕರೆಂಟ್ ವಯರ್ ಹಾಕಿದ್ದೇನೆ. ಮೊದಲು ಮಲ್ಲಿಗೆ ಕಟ್ಟುವ ಬಾಳೆನಾರಿಗೆ ಬಣ್ಣ ಹಾಕಿ ನೋಡಿದ್ದೆ. ಎರಡೇ ದಿನದಲ್ಲಿ ಒಣಗಿ ಸುರುಳಿ ಸುತ್ತಿತು. ಮನೆಯಲ್ಲಿ ಈಗಲೂ ನಗುತ್ತಾರೆ.

ಮಳೆಗಾಲದಲ್ಲಿ ಕೆಲಸ ಮಾಡಬಹುದಾ?

ಕತ್ತರಿಸಬಹುದು, ಪಾಲಿಶ್ ಬೇಡ. ಕರಾವಳಿಯ ಜೂನ್, ಜುಲೈ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಅರಗಿನ ಪಾಲಿಶ್ ಹಾಕಿದರೆ ಬಿಳಿ ಮಬ್ಬು ಕೂರುತ್ತದೆ. ಬರೀ ಅಗಸೆ ಎಣ್ಣೆ ಹಾಕಿ ಮೂಲೆಯಲ್ಲಿಟ್ಟರೆ ಬೂಸ್ಟು ಬರುತ್ತದೆ. ನಾನು ದೀಪಾವಳಿಗೆ ಶುರು ಮಾಡಿ ಮೇ ತಿಂಗಳಲ್ಲಿ ಮುಗಿಸಿದೆ. ಎಪ್ರಿಲ್ ಬಿಸಿಲಿಗೆ ಬಿಗಿಯಾಗಿ ಕೂರಿಸಿದ ಎದುರಿನ ಆಕ್ಸಲ್ ಜುಲೈಯಲ್ಲಿ ಅಲ್ಲಾಡಲೇ ಇಲ್ಲ. ನವೆಂಬರಿನಲ್ಲಿ ತನ್ನಷ್ಟಕ್ಕೆ ಸರಿಯಾಯಿತು. ಈಗ ಒಣ ತಿಂಗಳಲ್ಲಿ ಮಾಡುವ ತೂತನ್ನು ಅರ್ಧ ಮಿ.ಮೀ. ಸಡಿಲ ಬಿಡುತ್ತೇನೆ.

ಯಾವ ಅಂಟು?

ಒಳಗೆ ಕಪಾಟಿನಲ್ಲಿ ಇಡುವುದಾದರೆ ಸಾದಾ ಬಿಳಿ ಫೆವಿಕಾಲ್ ಸಾಕು. ಜಗಲಿಯಲ್ಲಿ ಇಡುವುದಾದರೆ ನೀರು ತಡೆಯುವ ಮರೀನ್ ಬಗೆಯದ್ದು. ಕಬ್ಬಿಣಕ್ಕೆ ಮರ ಅಂಟಿಸಲು ಎರಡು ಟ್ಯೂಬಿನ ಎಪಾಕ್ಸಿ.

ಗೇರೆಣ್ಣೆ ಹಾಕಿದರೆ ಹುಳ ಬರುವುದಿಲ್ಲ ಅಂತಾರೆ?

ದೋಣಿಗೆ ಹಚ್ಚುವವರಿದ್ದರು, ನಿಜ. ಆದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತದೆ. ಮಕ್ಕಳು ಮುಟ್ಟುವ ವಸ್ತುವಿಗೆ ಖಂಡಿತ ಬೇಡ. ಬೀಟೆಯ ಹುಡಿಯೂ ಕೆಲವರಿಗೆ ಆಗುವುದಿಲ್ಲ, ತುರಿಕೆ, ಸೀನು ಬರುತ್ತದೆ. ಮಾಸ್ಕ್ ಹಾಕಿಕೊಳ್ಳಿ.

ಹಲಸಿನ ಹಳದಿ ಹಾಗೇ ಉಳಿಯುತ್ತದಾ?

ಇಲ್ಲ. ಬೆಳಕಿಗೆ ಕಂದಾಗುತ್ತದೆ. ನನ್ನದು ಎರಡು ವರ್ಷದಲ್ಲಿ ಜೇನಿನ ಬಣ್ಣಕ್ಕೆ ಬಂದಿದೆ, ಇನ್ನು ನಾಲ್ಕು ವರ್ಷಕ್ಕೆ ದಾರಂದದ ಬಣ್ಣಕ್ಕೇ ಹೋಗಬಹುದು. ಬಿಸಿಲು ಬೀಳದ ಕಡೆ ಇಟ್ಟರೆ ನಿಧಾನವಾಗುತ್ತದೆ, ಅಷ್ಟೆ. ಹಳದಿ ಪೇಂಟ್ ಹೊಡೆಯಿರಿ ಅಂತ ಹೇಳುವವರು ಇದ್ದಾರೆ. ಪೇಂಟ್ ಹೊಡೆಯುವುದಾದರೆ ಪ್ಲೈವುಡ್ಡಿನಲ್ಲೇ ಮಾಡಬಹುದಿತ್ತಲ್ವಾ?

ಖರ್ಚು ಎಷ್ಟಾಯಿತು? ಮಾರುತ್ತೀರಾ?

ಮರ ಬಿಟ್ಟು ಸುಮಾರು 2,800 ರೂಪಾಯಿ. ಜಾಸ್ತಿ ಹೋದದ್ದು ಹಿತ್ತಾಳೆಗೆ, ಮುರಿದ ಡ್ರಿಲ್ ಬಿಟ್ಟುಗಳಿಗೆ. ಮಾರುವುದಿಲ್ಲ. ನೀವು ಮಾಡಿ ಮಾರುವುದಾದರೆ ಕಂಪನಿಯ ಲೋಗೋ ಹಾಕಬೇಡಿ, ಅದು ಅವರ ಟ್ರೇಡ್‌ಮಾರ್ಕ್.

ಸಣ್ಣ ಮಕ್ಕಳಿಗೆ ಆಡಲು ಕೊಡಬಹುದಾ?

ಇದನ್ನಲ್ಲ. ಸಣ್ಣ ಪಿನ್ನು, ಹಲ್ಲು ಕಿತ್ತು ಬಾಯಿಗೆ ಹೋಗುತ್ತದೆ. ಅವರಿಗೆ ಬೇರೆಯೇ ಒಂದು ದಪ್ಪ, ದೊಡ್ಡ, ಮೂರು ಕೀಲಿನದ್ದು ಮಾಡಿಕೊಡಿ. ಮರಳಿಗೆ ತೆಗೆದುಕೊಂಡು ಹೋಗಲಿ, ಮಲ್ಪೆಯಲ್ಲಿ ಗುಂಡಿ ತೋಡಲಿ.

ಕೀಲು ಕಿರುಗುಟ್ಟಿದರೆ ತೆಂಗಿನೆಣ್ಣೆ ಬಿಡಬಹುದಾ?

ಬೇಡ ಮಾರಾಯ್ರೆ. ಸ್ವಲ್ಪ ದಿನದಲ್ಲಿ ಜಿಗುಟಾಗಿ ಧೂಳು ಹಿಡಿಯುತ್ತದೆ, ಇರುವೆಯೂ ಬರುತ್ತದೆ. ಪಿನ್ ಹೊರಗೆ ತೆಗೆದು ಮೇಣದ ಬತ್ತಿಗೆ ಉಜ್ಜಿ ವಾಪಸ್ ಹಾಕಿ.